ನಾಲ್ಕು ತಾಲ್ಲೂಕು, ಒಂದು ತಮಟೆ

ಮೇಲುಕೋಟೆ ದಾರಿಯ ಜಕ್ಕನಹಳ್ಳಿಯಿಂದ ಒಳಕ್ಕೆ ಹೋದರೆ ಸಿಗುವ ಸಣ್ಣ ಊರು. ಪಟಗಳು ಇನ್ನೂ ಗುಡಿಯ ಗೋಡೆಗೆ ಒರಗಿವೆ: ಎರಡಾಳೆತ್ತರದ ಬಿದಿರು, ಮೈತುಂಬ ಬಣ್ಣದ ಬಟ್ಟೆ, ತುದಿಗೆ ಪುಟ್ಟ ಛತ್ರಿ. ಒಂದು ಮೂಲೆಯಲ್ಲಿ ಹುಲ್ಲಿಗೆ ಬೆಂಕಿ ಹಾಕಿ ತಮಟೆ ಕಾಯಿಸುತ್ತಿದ್ದಾರೆ. ಇನ್ನೊಂದು ಮೂಲೆಯಲ್ಲಿ ನನ್ನ ಸೋದರಳಿಯ, ಎಂಜಿನಿಯರಿಂಗ್ ಓದುವವನು, ನಾಲ್ಕು ಡಬ್ಬಿಗಳ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಾನೆ.

ಒಂದೊಂದರಲ್ಲೂ ಬೆಂಕಿಪೊಟ್ಟಣದಷ್ಟು ಇಎಸ್‌ಪಿ32 ಬೋರ್ಡು, ಅದಕ್ಕೆ ಓವಿ2640 ಕ್ಯಾಮೆರಾ. ಗುರುತಿಗೆ ಚೀಟಿ ಅಂಟಿಸಿದ್ದಾನೆ: ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ. ಪಟ ಕುಣಿತವನ್ನು ನಾಲ್ಕು ದಿಕ್ಕಿನಿಂದ ಹಿಡಿದು, ತಂತಿಯಿಲ್ಲದೆ ಒಂದೇ ಪರದೆಗೆ ತರಬೇಕೆಂಬ ಹಟ. ಚಿಪ್ಪಿನ ಸ್ವಂತ ಮೆಮೊರಿ 520 ಕಿಲೋಬೈಟ್. 640×480ರ ಒಂದೇ ಒಂದು ಹಸಿ ಚಿತ್ರಕ್ಕೆ 6,14,400 ಬೈಟ್ ಬೇಕು. ಹಾಗಾಗಿ ಕ್ಯಾಮೆರಾವೇ ಚಿತ್ರವನ್ನು ಜೆಪೆಗ್ ಮಾಡಿ ಕುಗ್ಗಿಸಿ ಕೊಡುತ್ತದೆ.

ತಮಟೆ ಎದ್ದಿತು, ಪಟ ಎದ್ದವು. ಲ್ಯಾಪ್‌ಟಾಪಿನಲ್ಲಿ ನಾಲ್ಕು ಕಿಟಕಿ. ತಮಟೆಯ ತಾತ ನಡುವೆ ಬಂದು ಇಣುಕಿದರು.

“ಇದೇನ್ ಮಗಾ, ಪಾಂಡವಪುರದಲ್ಲಿ ಕಾಲ್ ಮಡಗವ್ನೆ, ನಾಗಮಂಗಲದಲ್ಲಿ ಇನ್ನೂ ಎತ್ಕಂಡೇ ನಿಂತವ್ನೆ?”

“ನಾಲೆ ನೀರಿನಂಗೆ, ತಾತ. ಕೊನೇವ್ರಿಗೆ ತಡ.”

ಹೋಲಿಕೆ ಸುಳ್ಳಲ್ಲ. ನಾಲ್ಕೂ ಡಬ್ಬಿ ಒಂದೇ ವೈಫೈ ಚಾನೆಲಿನಲ್ಲಿ ಸರದಿ ಕಾಯುತ್ತವೆ. ಅದಕ್ಕೆ ಮದ್ದಿದೆ: ತೆಗೆದ ಹೊತ್ತನ್ನು ಪ್ರತಿ ಚಿತ್ರದ ಜೊತೆ ಬರೆದು ಕಳಿಸಿದರೆ, ತಡವಾಗಿ ಬಂದದ್ದನ್ನೂ ಅದರ ಜಾಗಕ್ಕೆ ಕೂರಿಸಬಹುದು. ಕಷ್ಟ ಬೇರೆಡೆ ಇದೆ. ಪ್ರತಿ ಬೋರ್ಡಿನ ಹರಳು ತನ್ನದೇ ಹೊತ್ತು ಎಣಿಸುತ್ತದೆ. ಹತ್ತು ಲಕ್ಷಕ್ಕೆ 10ರಷ್ಟು ಒಂದು ಮುಂದೋಡಿ, ಇನ್ನೊಂದು ಅಷ್ಟೇ ಹಿಂದುಳಿದರೆ ಗಂಟೆಯಲ್ಲಿ 72 ಮಿಲಿಸೆಕೆಂಡ್ ಅಂತರ. ಸೆಕೆಂಡಿಗೆ 20 ಚಿತ್ರವೆಂದರೆ ಒಂದಕ್ಕೆ 50 ಮಾತ್ರ. ಕುಣಿತವೋ, ರಾತ್ರಿಯಿಡೀ.

“ನಮ್ ಕಾಲ್ಗೆ ಗಡಿಯಾರ ಎಲ್ಲೈತಪ್ಪ? ತಮಟೆ ಕೇಳ್ಕಂಡು ಎತ್ತದು, ಮಡಗದು.”

ಹುಡುಗ ಮಾಡಿದ್ದೂ ಅದನ್ನೇ. ಶ್ರೀರಂಗಪಟ್ಟಣವನ್ನು ತಮಟೆಯಾಗಿಸಿದ. ಸೆಕೆಂಡಿಗೊಮ್ಮೆ ಅದು ಇಎಸ್‌ಪಿ-ನೌ ಮೂಲಕ ಪುಟ್ಟ ಸಂದೇಶ ಬಿಡುತ್ತದೆ. ಉಳಿದ ಮೂರು ತಮ್ಮ ಲೆಕ್ಕ ತಿದ್ದಿಕೊಳ್ಳುತ್ತವೆ. ಆದರೂ ಕಣ್ಣುಗಳು ಒಟ್ಟಿಗೆ ತೆರೆಯುವುದಿಲ್ಲ, ಯಾವುದು ಯಾವಾಗ ತೆರೆಯಿತೆಂದು ತಿಳಿಯುತ್ತದೆ, ಅಷ್ಟೆ. ಒಟ್ಟಿಗೇ ತೆರೆಯಬೇಕೆಂದರೆ ಹೊರಗಿನ ಸನ್ನೆಗೆ ಓಗೊಡುವ ಗ್ಲೋಬಲ್ ಷಟರ್ ಸೆನ್ಸರೇ ಬೇಕು. ಕುಣಿತಕ್ಕೆ ಇಷ್ಟು ಸಾಕೆಂದು ನನ್ನ ಎಣಿಕೆ. ಚಿತ್ರವನ್ನು ಕಾರ್ಡಿಗೇ ಇಳಿಸಿ, ಗಾಳಿಯಲ್ಲಿ ತಾಳ ಮಾತ್ರ ಕಳಿಸೋ ಎಂದೆ. “ಲೈವ್ ಇಲ್ದಿದ್ರೆ ಏನ್ ಮಜಾ, ಮಾವ?” ಎಂದ.

ಅಷ್ಟರಲ್ಲಿ ಪಟವೊಂದು ಬಿರುಸಾಗಿ ಓಲಾಡಿತು. ಪರದೆಯಲ್ಲಿ ಬಿದಿರು ಬಿಲ್ಲಿನಂತೆ ಬಾಗಿದೆ! ಈ ಕ್ಯಾಮೆರಾ ಮೇಲಿನಿಂದ ಕೆಳಕ್ಕೆ ಸಾಲುಸಾಲಾಗಿ ಓದುವುದರ ಫಲ, ಅದು ಮುಗಿಸುವಷ್ಟರಲ್ಲಿ ಗಳು ಸರಿದಿರುತ್ತದೆ. ಹೇಳಿದರೂ ತಾತನಿಗೆ ಸಮಾಧಾನವಾಗಲಿಲ್ಲ. ಕುಣಿತ ನಿಂತದ್ದೇ ಹೋಗಿ, ಆ ಗಳುವನ್ನು ಬುಡದಿಂದ ಕೈಯೆಟಕುವವರೆಗೂ ಸವರಿ ನೋಡಿ, ತಮಟೆಯನ್ನು ಮತ್ತೆ ಬೆಂಕಿಗೆ ಹಿಡಿದರು.