ಕಂಪನಿ ಮುಳುಗಿತು, ನಕ್ಷೆ ಉಳಿಯಿತು

ಷಿಕಾಗೊದಿಂದ ಪಶ್ಚಿಮಕ್ಕೆ ಹೊರಟರೆ ನೆಲವೆಲ್ಲ ಸಪಾಟು, ಬೀದಿಗಳೆಲ್ಲ ನೇರ. ಸುಮಾರು 9 ಮೈಲಿ ಸಾಗಿ ಡೆಸ್ ಪ್ಲೇನ್ಸ್ ನದಿ ಸಿಗುವಲ್ಲಿ ರಸ್ತೆಗಳು ಬಾಗತೊಡಗುತ್ತವೆ. ಅದೇ ರಿವರ್‌ಸೈಡ್. ಅಮೆರಿಕದಲ್ಲಿ ಮೊದಲೇ ನಕ್ಷೆ ಹಾಕಿ ಕಟ್ಟಿದ ಹಸಿರು ಬಡಾವಣೆಗಳಲ್ಲಿ ತೀರ ಹಳೆಯವುಗಳ ಸಾಲಿಗೆ ಸೇರಿದ ಊರು.

1864ರಲ್ಲಿ ಈ ದಾರಿಯಲ್ಲಿ ರೈಲು ಬಂತು. ರೈಲು ಬಂದಲ್ಲಿಗೆ ನಿವೇಶನದ ವ್ಯಾಪಾರವೂ ಬರುತ್ತದೆ. ಎಮೆರಿ ಚೈಲ್ಡ್ಸ್ ಎಂಬ ಉದ್ಯಮಿ ಹೂಡಿಕೆದಾರರನ್ನು ಕೂಡಿಸಿಕೊಂಡು ಕಂಪನಿ ಕಟ್ಟಿ ನದಿಯ ಎರಡೂ ದಡದಲ್ಲಿ 1600 ಎಕರೆ ಹಿಡಿದ. ನಕ್ಷೆ ಹಾಕಲು ಕರೆಸಿದ್ದು ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ರೂಪಿಸಿದ ಜೋಡಿಯನ್ನೇ: ಫ್ರೆಡರಿಕ್ ಲಾ ಓಲ್ಮ್‌ಸ್ಟೆಡ್ ಮತ್ತು ಕಾಲ್ವರ್ಟ್ ವಾಕ್ಸ್.

1868ರಲ್ಲಿ ಓಲ್ಮ್‌ಸ್ಟೆಡ್ ಕೊಟ್ಟ ವರದಿಯಲ್ಲಿ ನನಗೆ ಹಿಡಿಸುವುದು ಅದರ ಪ್ರಾಯೋಗಿಕ ಬುದ್ಧಿ. ಷಿಕಾಗೊ ಸುತ್ತಲಿನ ದೊಡ್ಡ ಪೀಡೆ ಕೆಸರು. ಆದ್ದರಿಂದ ಮೊದಲು ಬೇಕಾದದ್ದು ಚರಂಡಿಯಿರುವ ಗಟ್ಟಿ ರಸ್ತೆ. ಅದನ್ನು ಅಕ್ಕಪಕ್ಕದ ನೆಲಕ್ಕಿಂತ ತುಸು ತಗ್ಗಿಸಿದರೆ ಮನೆಯೊಳಗಿನಿಂದ ನೋಡುವವರಿಗೆ ಹಸಿರು ತುಂಡಾಗದೆ ಕಾಣುತ್ತದೆ. ಮನೆಗಳು ರಸ್ತೆಯಿಂದ 30 ಅಡಿ ಹಿಂದೆ ನಿಲ್ಲಬೇಕು, ಮುಂದಿನ ಜಾಗದಲ್ಲಿ ಒಂದೆರಡು ಮರ ಬದುಕಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೈತುಂಬ ಬೆಲೆ ತರುವ ನದಿದಂಡೆಯನ್ನೇ ಮಾರದೆ ಎಲ್ಲರ ಓಡಾಟಕ್ಕೆ ಬಿಡಬೇಕು. ಇಲ್ಲಿ ಮನೆ ಕೊಳ್ಳಬಲ್ಲವರು ಉಳ್ಳವರೇ, ನಿಜ. ಆದರೂ ಅವರ ಬೇಲಿ ನೀರಿನವರೆಗೆ ಹೋಗಲಿಲ್ಲ.

ಕಂಪನಿಯ ಲೆಕ್ಕವೇ ಬೇರೆ. ಊರ ನಡುವಿನ ಸಾರ್ವಜನಿಕ ಹುಲ್ಲುಗಾವಲಾದ ಲಾಂಗ್ ಕಾಮನ್‌ನಲ್ಲೇ ಚೈಲ್ಡ್ಸ್ ತನ್ನ ಮನೆ ಕಟ್ಟಿಸಲು ಹೊರಟಾಗ ಓಲ್ಮ್‌ಸ್ಟೆಡ್ ಸಿಡಿದುಬಿದ್ದ. 1870ರಲ್ಲಿ ಸಂಬಂಧ ಕಡಿದೇಹೋಯಿತು. ಕೆಲಸ ಮುಂದುವರಿಸಿದವನು ವಿಲಿಯಂ ಲೆ ಬ್ಯಾರನ್ ಜೆನ್ನಿ. ಮುಂದೆ ಷಿಕಾಗೊದಲ್ಲಿ ಉಕ್ಕಿನ ಹಂದರದ ಗಗನಚುಂಬಿಗೆ ನಾಂದಿ ಹಾಡಿದವನೂ ಇವನೇ. ಊರಿನ ಗುರುತಾಗಿರುವ ನೀರಿನ ಗೋಪುರ ಅವನ ವಿನ್ಯಾಸ.

1871ರ ಅಗ್ನಿಕಾಂಡದಲ್ಲಿ ಷಿಕಾಗೊ ಸುಟ್ಟಿತು. ಇದ್ದ ಹಣವೆಲ್ಲ ನಗರವನ್ನು ಮತ್ತೆ ಕಟ್ಟುವತ್ತ ಹರಿಯಿತು. 1873ರ ಆರ್ಥಿಕ ಕುಸಿತಕ್ಕೆ ಕಂಪನಿ ದಿವಾಳಿ. ನಗರದಿಂದ ಇಲ್ಲಿಗೆ ಹಾಸಬೇಕಿದ್ದ ಮರಸಾಲಿನ ಹೆದ್ದಾರಿ ಅರ್ಧಕ್ಕೇ ನಿಂತಿತು. ಆದರೆ ಬಾಗಿದ ರಸ್ತೆಗಳು ಆಗಲೇ ನೆಲಕ್ಕಿಳಿದಿದ್ದವು. 1875ರಲ್ಲಿ ಗ್ರಾಮಾಡಳಿತ ರಚಿಸಿಕೊಂಡ ನಿವಾಸಿಗಳು ಖಾಲಿ ನಿವೇಶನಗಳನ್ನು ದಶಕಗಳ ಕಾಲ ನಿಧಾನವಾಗಿ ತುಂಬಿದರು. ಫ್ರಾಂಕ್ ಲಾಯ್ಡ್ ರೈಟ್‌ನ ಕೂನ್ಲಿ ಮನೆ ಹಾಗೆ ಬಂದದ್ದು. ಲೂಯಿ ಸಲಿವನ್ ಕಟ್ಟಿದ ಬ್ಯಾಬ್ಸನ್ ಮನೆಯೂ ಬಂತು. 1960ರಲ್ಲಿ ಅದನ್ನು ಕೆಡವಿ ಜಾಗವನ್ನು ತುಂಡು ಮಾಡಿದರು. ಆ ನಷ್ಟ ತುಂಬುವಂಥದ್ದಲ್ಲ. ಹತ್ತು ವರ್ಷದ ನಂತರ, 1970ರಲ್ಲಿ, ಊರಿನ ನಕ್ಷೆಗೆ ರಾಷ್ಟ್ರೀಯ ಸ್ಮಾರಕದ ಮನ್ನಣೆ ಸಿಕ್ಕಿತು.

ದಂಡೆಯ ತಗ್ಗಿನಲ್ಲಿರುವ ಸ್ವಾನ್ ಪಾಂಡ್ ಉದ್ಯಾನಕ್ಕೆ ಈಗಲೂ ನೆರೆಯ ನೀರು ನುಗ್ಗುತ್ತದೆ. ಇಲ್ಲಿ ನದಿಗೆ ಅಡ್ಡಲಾಗಿದ್ದ ಹಾಫ್‌ಮನ್ ಅಣೆಕಟ್ಟನ್ನು 2012ರಲ್ಲಿ ಒಡೆದು ತೆಗೆದರು. ಕೆಳಗೇ ತಡೆದು ನಿಂತಿದ್ದ ಮೀನುಗಳಿಗೆ ನದಿಯ ಮೇಲ್ಭಾಗದ ದಾರಿ ತೆರೆಯಿತು.