ಕರೆಯದೆ ಬಂದ ಕಾಗದಕ್ಕೆ ನಗೆಯ ಜವಾಬು

ಹೋದ ತಿಂಗಳು ನಮ್ಮ ವಾಚನಾಲಯದ ಅಂಚೆ ಪೆಟ್ಟಿಗೆಯಲ್ಲಿ ಒಂದು ದಪ್ಪ ಲಕೋಟೆ ಬಿದ್ದಿತ್ತು. ಮೇಲೆ "ಶ್ರೀಮಾನ್ ಉಚಿತ ವಾಚನಾಲಯ" ಎಂದು ಅಚ್ಚಾಗಿತ್ತು. ಒಡೆದು ನೋಡಿದರೆ, "ಪ್ರಿಯ ಶ್ರೀ ವಾಚನಾಲಯ ಅವರೇ, ನಿವೃತ್ತಿಯಾದ ಮೇಲೆ ತಮ್ಮ ಬಾಳು ಹೇಗೆಂದು ಯೋಚಿಸಿದ್ದೀರಾ?" ಎಂದು ವಿಮೆಯ ವ್ಯಾಪಾರದವರೊಬ್ಬರು ಬಲು ಅಕ್ಕರೆಯಿಂದ ವಿಚಾರಿಸಿದ್ದರು. ಜೊತೆಗೆ ಟಿಕೇಟು ಅಂಟಿಸಬೇಕಾಗಿಲ್ಲದ ಒಂದು ಜವಾಬು ಕಾರ್ಡು. ನಾವು ಅದರಲ್ಲೇ ಬರೆದು ಹಾಕಿದೆವು: "ಶ್ರೀ ವಾಚನಾಲಯರಿಗೆ ಸದ್ಯ ನಿವೃತ್ತಿಯ ಯೋಚನೆ ಇಲ್ಲ. ಅವರು ರವಿವಾರವೂ ರಜೆ ತೆಗೆದುಕೊಳ್ಳುವವರಲ್ಲ. ಮೈಯಲ್ಲಿ ಸ್ವಲ್ಪ ಗೆದ್ದಲಿನ ಉಪದ್ರವ ಉಂಟು. ಅದಕ್ಕೆ ವಿಮೆ ಇದ್ದರೆ ತಿಳಿಸಿರಿ."

ಇದನ್ನು ಮೇಜಿನ ಸುತ್ತ ಓದಿ ಎಲ್ಲರೂ ನಕ್ಕದ್ದಾಯಿತು. ಆದರೆ ಒಬ್ಬ ಸದಸ್ಯರು ನಗಲಿಲ್ಲ. ಅವರಿಗೂ ಹಿಂದೊಮ್ಮೆ ಕರೆಯದೆ ಕಾಗದ ಬಂದಿತ್ತು. ಹೊರದೇಶದಲ್ಲಿ ನೌಕರಿ ಖಾತರಿ ಎಂದಿತ್ತು. ನೋಂದಣಿಯ ಹಣವೆಂದು ಎರಡು ತಿಂಗಳ ಸಂಬಳ ಹೋಯಿತು. ಆದುದರಿಂದ ಈ ಪೀಡೆಯನ್ನು ಎಲ್ಲಿ ನಗೆಯಿಂದ ಎದುರಿಸಬಹುದು, ಎಲ್ಲಿ ಬಾಯಿ ಮುಚ್ಚಿಕೊಂಡಿರಬೇಕು ಎಂಬುದನ್ನು ನಮಗೆ ತಿಳಿದ ಮಟ್ಟಿಗೆ ಬರೆಯುತ್ತಿದ್ದೇವೆ.

ಈ ವ್ಯಾಪಾರದ ಗುಟ್ಟು ಇಷ್ಟೇ: ಕಳಿಸುವವನಿಗೆ ಖರ್ಚು ಅತ್ಯಲ್ಪ, ಸ್ವೀಕರಿಸುವವನಿಗೆ ಹೊತ್ತು ಹಾಳು, ಮನಸ್ಸೂ ಹಾಳು. ಸಾವಿರ ಜನರಲ್ಲಿ ಒಬ್ಬ ಸಿಕ್ಕಿಬಿದ್ದರೂ ಅವನಿಗೆ ಲಾಭವೇ. ಒಳ್ಳೆಯ ತಮಾಷೆ ಎಂದರೆ ಈ ಖರ್ಚನ್ನು ಕಳಿಸಿದವನ ತಲೆಗೇ ತಿರುಗಿ ಕಟ್ಟುವಂಥದು. ಟಿಕೇಟು ಬೇಡದ ಆ ಜವಾಬು ಕಾರ್ಡಿನ ಅಂಚೆ ವೆಚ್ಚ ಅದನ್ನು ಅಚ್ಚು ಹಾಕಿಸಿದವರದು; ಕಾರ್ಡು ಹಿಂದಿರುಗಿದಷ್ಟೂ ಅವರು ತೆರಬೇಕು. ಅಮೆರಿಕದಲ್ಲಿ ಕೆಲವರು ಇಂಥ ಕಾರ್ಡನ್ನು ಇಟ್ಟಿಗೆಗೆ ಅಂಟಿಸಿ ಅಂಚೆಗೆ ಹಾಕಿದರು. ಅಲ್ಲಿಯ ಅಂಚೆಯವರು ಅಂಥ ಇಟ್ಟಿಗೆಯನ್ನು ಕಸವೆಂದು ಎಸೆಯಬಹುದೆಂದು ನಿಯಮವನ್ನೇ ಮಾಡಿಕೊಂಡರು. ಇಟ್ಟಿಗೆಯ ವಿನೋದ ನಮಗೆ ಒಪ್ಪಿಗೆಯಿಲ್ಲ. ಅದನ್ನು ಹೊರುವವನು ಕಂಪನಿಯ ಯಜಮಾನನಲ್ಲ, ಅಂಚೆಯ ಬಡ ಸಿಪಾಯಿ.

ಹಳೆಯ ಬೇರಿಂಗ್ ಕಾಗದದ ಕಥೆಯೂ ಖರ್ಚಿನ ಕಥೆಯೇ. ವಿ.ಟಿ. ಸ್ಟೇಷನ್ನಿನ ಪಕ್ಕದ ನಮ್ಮ ದೊಡ್ಡ ಪೋಸ್ಟಾಫೀಸನ್ನು ಎಲ್ಲರೂ ಬಲ್ಲರು. ಜಾನ್ ಬೆಗ್ ಎಂಬವರು ರೂಪಿಸಿ, 1913ರಲ್ಲಿ ಮುಗಿದ ಕಟ್ಟಡ ಅದು. ಅದರ ಗುಮ್ಮಟಕ್ಕೆ ನಮ್ಮ ವಿಜಾಪುರದ ಗೋಲಗುಮ್ಮಟವೇ ಮಾದರಿ. (ಊರಿನ ನೆನಪಾದಾಗ ಅತ್ತ ಒಮ್ಮೆ ತಲೆಯೆತ್ತಿ ನೋಡಬಹುದು, ಕಾಸಿನ ಖರ್ಚಿಲ್ಲ.) ಅಂಚೆಯಲ್ಲಿ ಟಿಕೇಟಿಲ್ಲದೆ ಬಂದ ಕಾಗದಕ್ಕೆ ಪಡೆಯುವವನು ಇಮ್ಮಡಿ ತೆರಬೇಕಾಗಿತ್ತು. ಹಗೆಯವರಿಗೆ ಇದೊಂದು ಅಗ್ಗದ ಆಯುಧ: ಬೈಗುಳ ಬರೆದು, ಟಿಕೇಟು ಹಚ್ಚದೆ ಕಳಿಸಿದರೆ, ಬೈಸಿಕೊಂಡವನೇ ಹಣವನ್ನೂ ಕೊಡಬೇಕು! ಆದರೆ 1898ರ ಅಂಚೆ ಕಾನೂನು ಬರೆದವರು ಮನುಷ್ಯ ಸ್ವಭಾವ ಬಲ್ಲವರು. ಒಡೆಯದೆ ಕೂಡಲೇ ಹಿಂದಿರುಗಿಸಿದರೆ ಹಣ ಕೊಡಬೇಕಾಗಿಲ್ಲ ಎಂದು ಅದರ 11ನೆಯ ಕಲಮಿನಲ್ಲಿ ಬರೆದರು. ಇನ್ನೂ ಮುಂದೆ ಹೋಗಿ, ಕೇವಲ ಪೀಡಿಸುವುದಕ್ಕಾಗಿ ದುರುದ್ದೇಶದಿಂದ ಕಳಿಸಿದ ಕಾಗದವೆಂದು ಪೋಸ್ಟ್ ಮಾಸ್ಟರ್ ಜನರಲ್ ಸಾಹೇಬರಿಗೆ ಮನವರಿಕೆಯಾದರೆ ಆ ದಂಡವನ್ನು ಅವರು ಬಿಟ್ಟುಬಿಡಬಹುದೆಂದೂ ಸೇರಿಸಿದರು. ಈಗ ಆ ಕಾನೂನು ಇಲ್ಲ. 2023ರ ಹೊಸ ಅಂಚೆ ಕಾನೂನು 2024ರ ಜೂನ್ 18ರಿಂದ ಜಾರಿಗೆ ಬಂದಿದೆ.

ಬೇಡದ ಕಾಗದವನ್ನು ಅಂಚೆಯವನು ಬಾಗಿಲಿಗೆ ತಂದಾಗ ಒಡೆಯದೆ "ನಿರಾಕರಿಸಿದೆ" ಎಂದು ಹಿಂದಿರುಗಿಸುವ ದಾರಿ ಇಂದಿಗೂ ಉಂಟು. ಆದರೆ ಒಂದು ಎಚ್ಚರ. ಕೋರ್ಟಿನ ನೋಟೀಸನ್ನು ಹೀಗೆ ಹಿಂದಿರುಗಿಸಿ ಜಾಣನಾದೆನೆಂದು ತಿಳಿಯಬಾರದು. ನಿರಾಕರಿಸಿದ ನೋಟೀಸು ತಲುಪಿದಂತೆಯೇ ಲೆಕ್ಕ. ಕಳಿಸಿದವರು ಯಾರೆಂದು ನೋಡಿಯೇ ಬೇಡವೆನ್ನಬೇಕು.

ಕಾನೂನೇ ತಮಾಷೆಗೆ ಎಡೆ ಮಾಡಿಕೊಟ್ಟ ಉದಾಹರಣೆ ಅಮೆರಿಕದ್ದು. ಅಶ್ಲೀಲ ಜಾಹೀರಾತುಗಳ ಕಾಟ ತಡೆಯಲು 1967ರಲ್ಲಿ ಅಲ್ಲಿ ಒಂದು ಕಾನೂನಾಯಿತು. ಮನೆಗೆ ಬಂದ ಜಾಹೀರಾತು ಕಾಮೋದ್ರೇಕಕಾರಿ ಎಂದು ಗೃಹಸ್ಥನು ಬರೆದುಕೊಟ್ಟರೆ, ಕಳಿಸಿದವನು ಅವನ ಹೆಸರನ್ನು ಪಟ್ಟಿಯಿಂದ ತೆಗೆಯಲೇಬೇಕು. ಉದ್ರೇಕಕಾರಿ ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು? ಗೃಹಸ್ಥನೊಬ್ಬನೇ! ವ್ಯಾಪಾರಿಗಳು ಸುಪ್ರೀಂ ಕೋರ್ಟಿನ ತನಕ ಹೋದರು. 1970ರಲ್ಲಿ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು. ಬರಿಯ ಜವಳಿಯ ಕೆಟಲಾಗನ್ನು ಕೂಡ ಗೃಹಸ್ಥನು ಹೀಗೆ ತಡೆಯಬಹುದೆಂದು ಹೇಳಿತು. ಪಂಚೆ ಟವೆಲುಗಳ ಪಟ್ಟಿ ನೋಡಿ ತನ್ನ ಚಿತ್ತ ಚಂಚಲವಾಯಿತೆಂದು ಗಂಭೀರವಾಗಿ ಬರೆದುಕೊಡುವ ಸಂಸಾರಿಯನ್ನು ಊಹಿಸಿಕೊಳ್ಳಿ. ನಮ್ಮಲ್ಲಿ ಅಂಥ ಕಾನೂನಿಲ್ಲವಲ್ಲ ಎಂದು ವ್ಯಸನವಾಗುತ್ತದೆ.

ನಮ್ಮಲ್ಲಿ ಅದಕ್ಕಿಂತ ಕೆಟ್ಟದ್ದೊಂದು ಇತ್ತು: ದೇವರ ಹೆಸರಿನ ಸರಪಳಿ ಕಾರ್ಡು. "ಇದನ್ನು 21 ಮಂದಿಗೆ ಬರೆ, ಭಾಗ್ಯ ಬರುವುದು, ಹರಿದೆಸೆದರೆ ಮನೆಯಲ್ಲಿ ಸಾವು." ಗಂಡ ಮುಂಬಯಿಯಲ್ಲಿ, ಹೆಂಡತಿ ಮಕ್ಕಳು ಊರಿನಲ್ಲಿ ಇರುವ ಮನೆಗೆ ಇಂಥದು ಬಂದರೆ ಆ ಹೆಣ್ಣುಮಗಳಿಗೆ ನಿದ್ದೆ ಎಲ್ಲಿಂದ ಬರಬೇಕು? ಲೆಕ್ಕಾಚಾರದ ಗುಮಾಸ್ತರು ನಾವು, ಒಮ್ಮೆ ಲೆಕ್ಕ ಹಾಕಿ ನೋಡೋಣ. ಮೊದಲ ಸುತ್ತಿನಲ್ಲಿ 21, ಎರಡನೆಯದರಲ್ಲಿ 441, ಮೂರನೆಯದರಲ್ಲಿ 9,261. ಎಲ್ಲರೂ ದೇವರಿಗೆ ಹೆದರಿ ಬರೆದರೆ ಏಳನೆಯ ಸುತ್ತಿಗೆ 180 ಕೋಟಿ ಕಾರ್ಡು! ಇಡೀ ದೇಶದ ಜನರಿಗೆ ಹಂಚಿ ಮಿಕ್ಕುತ್ತದೆ. ಎಲ್ಲರೂ ಕಾರ್ಡು ಬರೆಯುತ್ತ ಕುಳಿತರೆ ದೇವರಿಗೆ ನೈವೇದ್ಯ ಬೇಯಿಸುವವರು ಯಾರು? ಈಗ ಅದೇ ಸರಪಳಿ ವಾಟ್ಸಾಪಿನಲ್ಲಿ ಬರುತ್ತದೆ. ಬರೆಯುವ ಶ್ರಮವೂ ತಪ್ಪಿತು. ಊರಿನಿಂದ ಯಾರಾದರೂ ಕಳಿಸಿದರೆ ಗದರಿಸಬೇಡಿ. ಈ ಲೆಕ್ಕವನ್ನು ಬರೆದು, "ನಿಮ್ಮ ಪಾಲಿನದನ್ನೂ ನಾನೇ ಹರಿದೆ ಅಕ್ಕ, ಪಾಪವೇನಿದ್ದರೂ ನನಗೆ" ಎಂದು ಸೇರಿಸಿರಿ. ಭಯ ಬಿಡಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಮದ್ದನ್ನು ನಾವು ಕಂಡಿಲ್ಲ.

ಕಾಗದಕ್ಕಿಂತ ಇಂದು ಫೋನಿನ ಉಪದ್ರವವೇ ಹೆಚ್ಚು. 2010ರಲ್ಲಿ ಅರ್ಥಮಂತ್ರಿಗಳಾಗಿದ್ದ ಪ್ರಣವ್ ಮುಖರ್ಜಿಯವರು ವಿರೋಧ ಪಕ್ಷದವರೊಡನೆ ಸಭೆಯಲ್ಲಿದ್ದಾಗಲೇ, ಮನೆ ಸಾಲ ಬೇಕೇ ಎಂದು ಅವರಿಗೆ ಕರೆ ಬಂದಿತ್ತು. ದೇಶದ ಬೊಕ್ಕಸದವರಿಗೇ ಸಾಲ! ಬ್ರಿಟನ್ನಿನ ಒಂದು ಟೆಲಿಫೋನ್ ಕಂಪನಿ 2024ರಲ್ಲಿ "ಡೇಸಿ" ಎಂಬ ಯಂತ್ರದ ಅಜ್ಜಿಯನ್ನೇ ಸೃಷ್ಟಿಸಿತು. ಆಕೆ ಮೋಸಗಾರರೊಡನೆ ಹೆಣಿಗೆ, ಬೆಕ್ಕು ಎಂದು ಹರಟುತ್ತ ಅವರ ಹೊತ್ತನ್ನು ತಿನ್ನುತ್ತಾಳೆ. ಯಂತ್ರಕ್ಕೆ ಬ್ಯಾಂಕಿನ ಖಾತೆಯಿಲ್ಲ, ಆದುದರಿಂದ ಧೈರ್ಯವೂ ಉಂಟು. ನಮಗೆ ಖಾತೆ ಇದೆ. ಬಹುಮಾನ, ನೌಕರಿ, ಪೋಲೀಸು, ಬ್ಯಾಂಕಿನ ಹೆಸರು ಹೇಳುವ ಅಪರಿಚಿತನೊಡನೆ ವಿನೋದಕ್ಕೆ ಕೂಡ ಮಾತು ಬೆಳೆಸಬಾರದು. ಉತ್ತರ ಕೊಟ್ಟರೆ ಈ ನಂಬರಿನಲ್ಲಿ ಮನುಷ್ಯನಿದ್ದಾನೆಂದು ಅವನಿಗೆ ಗೊತ್ತಾಗುತ್ತದೆ. ಹಣ ಹೋಗಿದ್ದರೆ ನಾಚಿಕೆ ಬಿಟ್ಟು ಆ ಗಳಿಗೆಯಲ್ಲೇ 1930ಕ್ಕೆ ಫೋನು ಮಾಡಬೇಕು. ತಡವಾದಷ್ಟೂ ಹಣ ಕೈಗೆ ಸಿಗುವುದು ಕಷ್ಟ.

ಸಾಲ ಬೇಕೇ, ಕಾರ್ಡು ಬೇಕೇ ಎಂದು ಕೇಳುವ ಸಾಮಾನ್ಯ ಕರೆಗಳ ಮಾತು ಬೇರೆ. ಆ ಕಡೆ ಕುಳಿತವರು ಹೆಚ್ಚಾಗಿ ನಮ್ಮಂತೆಯೇ ಊರು ಬಿಟ್ಟು ಬಂದ ಹುಡುಗ ಹುಡುಗಿಯರು, ಇಂತಿಷ್ಟು ಕರೆ ಮಾಡಿದರೇ ಸಂಬಳ. ಅವರನ್ನು ಬೈದು ಶೂರರಾಗುವುದು ನಮಗೆ ಶೋಭಿಸದು. "ತಂಗೀ, ಸಾಲ ಬೇಡ, ಊಟವಾಯಿತೇ?" ಎಂದು ಕೇಳಿ ಇಟ್ಟುಬಿಡಿ. ಕಂಪನಿಗೆ ಮುಟ್ಟಿಸಬೇಕಾದ ಏಟಿಗೆ ಬೇರೆ ದಾರಿ ಉಂಟು. 1909ಕ್ಕೆ ಕರೆ ಮಾಡಿ, ಅಥವಾ ಇಂಗ್ಲಿಷಿನಲ್ಲಿ "ಸ್ಟಾರ್ಟ್" ಎಂದು ಬರೆದು, ಜಾಗ ಬಿಟ್ಟು ಸೊನ್ನೆ ಹಾಕಿ ಅದೇ ನಂಬರಿಗೆ ಸಂದೇಶ ಕಳಿಸಿದರೆ ಜಾಹೀರಾತು ಬೇಡವೆಂದು ನೋಂದಣಿಯಾಗುತ್ತದೆ. ಆಮೇಲೂ ಬಂದರೆ ದೂರು ಕೊಡಬಹುದು. 2025ರ ತಿದ್ದುಪಡಿಯ ಪ್ರಕಾರ ದೂರಿಗೆ 7 ದಿನಗಳ ಅವಕಾಶವಿದೆ. ನೋಂದಾಯಿಸದ ಖಾಸಗಿ ನಂಬರಿನಿಂದ ವ್ಯಾಪಾರದ ಕರೆ ಮಾಡುವವರ ಮೇಲೆ, ನೀವು ಮೊದಲು ನೋಂದಣಿ ಮಾಡಿರದಿದ್ದರೂ ದೂರಬಹುದು. ಕರೆ ಬಂದ ನಂಬರು, ತಾರೀಖು, ಏನು ಹೇಳಿದರೆಂಬ ಒಂದು ಸಾಲು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿರಬೇಕು.

ಇಂಗ್ಲಿಷಿನಲ್ಲಿ ಸಂದೇಶ ಬರೆಯಲು ತೊಡಕಾಗುವ ಸದಸ್ಯರು ಸಂಜೆ ಫೋನು ಹಿಡಿದುಕೊಂಡು ಬಂದರೆ ಪತ್ರಿಕೆಗಳ ಮೇಜಿನ ಬಳಿ ಯಾರಾದರೂ ಮಾಡಿಕೊಡುವರು. ನಗೆ ಬರಿಸುವ ಕಾಗದಗಳೇನಾದರೂ ಬಂದಿದ್ದರೆ ಅವನ್ನೂ ತನ್ನಿರಿ. ಶ್ರೀ ವಾಚನಾಲಯರ ಗೆದ್ದಲಿನ ಬಗ್ಗೆ ವಿಮೆಯವರ ಜವಾಬು ಇನ್ನೂ ಬಂದಿಲ್ಲ.