ಗಣಕದೊಳಗಿನ ಗೋಡೆಗಳು: ಮುಕ್ತ ತಂತ್ರಾಂಶ ಮತ್ತು ಬರೆಹದ ರಕ್ಷಣೆ

ಮುಂಬಯಿಯ ಆಂಟಾಪ್ ಹಿಲ್‌ನಲ್ಲಿ ಕೇಂದ್ರ ಸರ್ಕಾರದ ನೌಕರರಿಗಾಗಿ ಕಟ್ಟಿದ ವಿಸ್ತಾರವಾದ ವಸತಿ ಸಮುಚ್ಚಯವಿದೆ. ಅಂತಹ ಕಟ್ಟಡಗಳಲ್ಲಿ ಹೆಬ್ಬಾಗಿಲನ್ನು ದಾಟಿದವನು ಎಲ್ಲ ಮನೆಗಳನ್ನೂ ಹೊಗಲಾರ; ಪ್ರತಿ ಮನೆಗೂ ತನ್ನದೇ ಬೀಗವಿರುತ್ತದೆ. ಮೇಜಿನ ಮೇಲಿನ ಗಣಕಯಂತ್ರದಲ್ಲಿ ಈ ಸಾಮಾನ್ಯ ವಿವೇಕ ಬಹುಕಾಲ ಕಾಣಲಿಲ್ಲ.

ಯುನಿಕ್ಸ್ ಪರಂಪರೆಯ ಲಿನಕ್ಸ್ ವ್ಯವಸ್ಥೆಯು ಒಬ್ಬ ಬಳಕೆದಾರನ ಕಡತಗಳನ್ನು ಮತ್ತೊಬ್ಬನಿಂದ ಕಾಯುತ್ತದೆ. ಆದರೆ ಒಬ್ಬನೇ ಬಳಸುವ ತಂತ್ರಾಂಶಗಳನ್ನು ಅದು ತಾನಾಗಿ ಪರಸ್ಪರ ಬೇರ್ಪಡಿಸುವುದಿಲ್ಲ. ಹೀಗಾಗಿ ಸಂಶೋಧಕನು ಬಿಡುವಿಗೆಂದು ಅಳವಡಿಸಿಕೊಂಡ ಆಟವೊಂದು ಅವನ ಮಹಾಪ್ರಬಂಧವನ್ನೂ ಕ್ಷೇತ್ರಕಾರ್ಯದ ಧ್ವನಿಮುದ್ರಣಗಳನ್ನೂ ಓದಬಲ್ಲದು, ಅಳಿಸಲೂ ಬಲ್ಲದು.

ಇದಕ್ಕೆ ಪರಿಹಾರವಾಗಿ ಬಂದುದು ತಂತ್ರಾಂಶವನ್ನು ಆವರಣದೊಳಗೆ ನಡೆಸುವ ಸ್ಯಾಂಡ್‌ಬಾಕ್ಸ್ ಪದ್ಧತಿ. ಇದರ ಬೀಜವನ್ನು 1979ರ ಯುನಿಕ್ಸ್ ಏಳನೆಯ ಆವೃತ್ತಿಯ 'ಸಿಎಚ್‌ರೂಟ್' ಸೌಲಭ್ಯದಲ್ಲಿ ಗುರುತಿಸಬಹುದು. 2000ದಲ್ಲಿ ಫ್ರೀಬಿಎಸ್‌ಡಿಯ 'ಜೈಲ್' ಅದನ್ನು ಬಲಪಡಿಸಿತು. 2016ರಲ್ಲಿ ಈಗಿನ ಹೆಸರನ್ನು ಪಡೆದ ಫ್ಲಾಟ್‌ಪ್ಯಾಕ್, ತಂತ್ರಾಂಶಕ್ಕೆ ಕಡತಗಳ ಪ್ರತ್ಯೇಕ ನೋಟವನ್ನಷ್ಟೇ ಒದಗಿಸುತ್ತದೆ. ಕರ್ನೆಲ್‌ಗೆ ಅದು ಸಲ್ಲಿಸುವ ಕೋರಿಕೆಗಳನ್ನೂ ಸೋಸುತ್ತದೆ. ಕಡತ ಬೇಕಾದಾಗ ಆಯ್ಕೆಯ ಕಿಟಕಿ ಆವರಣದ ಹೊರಗೆ ತೆರೆಯುತ್ತದೆ. ಬಳಕೆದಾರನು ಆಯ್ದುಕೊಟ್ಟ ಕಡತವಷ್ಟೇ ಒಳಗೆ ತಲಪುತ್ತದೆ; ಆಯ್ಕೆಯೇ ಅನುಮತಿಯಾಗುತ್ತದೆ.

ಈ ರಕ್ಷಣೆಗೂ ಮಿತಿಗಳುಂಟು. ಇಡೀ ಗೃಹಕೋಶವನ್ನು ಮೊದಲೇ ಬೇಡಿ ಪಡೆಯುವ ತಂತ್ರಾಂಶಕ್ಕೆ ಗೋಡೆ ಇದ್ದೂ ಇಲ್ಲದಂತೆ. 2018ರ ಮೇ ತಿಂಗಳಲ್ಲಿ ಉಬುಂಟುವಿನ ಸ್ನ್ಯಾಪ್ ಭಂಡಾರದ ಆಟವೊಂದರಲ್ಲಿ ಗುಪ್ತನಾಣ್ಯವನ್ನು ಗಣಿಸುವ ಕ್ರಮವಿಧಿ ಅಡಗಿದ್ದುದು ಬಯಲಾಯಿತು. ಯಂತ್ರದ ಶ್ರಮವನ್ನು ಕದಿಯಲು ಯಾರ ಕಡತವನ್ನೂ ತೆರೆಯಬೇಕಿಲ್ಲ.

ಕನ್ನಡದ ಬರೆಹಗಾರನಿಗೆ ಮತ್ತೊಂದು ಸಂಗತಿ ಮುಖ್ಯ. ಹಳೆಯ ಎಕ್ಸ್11 ಪರದೆವ್ಯವಸ್ಥೆಯಲ್ಲಿ ಒಂದು ತಂತ್ರಾಂಶದಲ್ಲಿ ಒತ್ತಿದ ಕೀಲಿಗಳನ್ನು ಇನ್ನೊಂದು ಗಮನಿಸಬಹುದಿತ್ತು. 2008ರಲ್ಲಿ ಆರಂಭವಾದ ವೇಲ್ಯಾಂಡ್ ಯೋಜನೆ ಆ ದಾರಿಯನ್ನು ಮುಚ್ಚಿತು. ಆದರೂ ರೋಮನ್ ಕೀಲಿಗಳ ಲಿಪ್ಯಂತರದಿಂದ 'ಕ್ಷ' ಮೂಡಬೇಕಾದರೆ ನಡುವೆ ನಿಂತ ಐಬಸ್‌ನಂತಹ ಲಿಪಿನಿವೇಶಕವು ಪ್ರತಿ ಕೀಲಿಯನ್ನೂ ಕಾಣಲೇಬೇಕು. ರೋಮನ್ ಲಿಪಿಯಲ್ಲಿ ಬರೆಯುವವನು ಇಂತಹ ಮಧ್ಯವರ್ತಿಯಿಲ್ಲದೆ ಬರೆಯಬಲ್ಲ. ಲಿಪ್ಯಂತರದಿಂದ ಬರೆಯುವ ಕನ್ನಡಿಗನಿಗೆ ಅದು ಅನಿವಾರ್ಯ. ಅದನ್ನು ಗೋಡೆಯಿಂದ ತಡೆದರೆ ಅಂತಹ ಬರೆಹವೇ ನಿಲ್ಲುತ್ತದೆ.

ಆದುದರಿಂದ ಅಲ್ಲಿ ಉಳಿಯುವ ಆಧಾರ ನಂಬಿಕೆಯೊಂದೇ. ಆ ನಂಬಿಕೆಯನ್ನು ಪರಿಶೀಲನೆಗೆ ಒಡ್ಡುವುದು ಬಹಿರಂಗವಾದ ಮೂಲಸಂಕೇತ. ಬಹಿರಂಗವಾದುದೆಲ್ಲ ನಿರಪಾಯಕರವೆಂದು ಇದರ ಅರ್ಥವಲ್ಲ. ಯಾರೂ ಓದದ ಸಂಕೇತ ಮುಚ್ಚಿದ ಸಂಕೇತಕ್ಕೆ ಸಮಾನ. ಪರಿಶೀಲನೆ ಸೋತಲ್ಲಿ ಹಾನಿಯನ್ನು ಮಿತಗೊಳಿಸುವುದು ಗೋಡೆಯ ಕೆಲಸ. ಗೋಡೆ ಕಟ್ಟಲಾಗದ ಕಡೆ ಕಾಯಬೇಕಾದುದು ಪರಿಶೀಲನೆ. ಹಸ್ತಪ್ರತಿಗಳನ್ನು ಗಣಕಕ್ಕೆ ಒಪ್ಪಿಸುತ್ತಿರುವ ಕನ್ನಡ ವಿದ್ವತ್ ಲೋಕಕ್ಕೆ ಇವೆರಡೂ ಅವಶ್ಯ.